ಆಯಿಯ ಟ್ರಂಕು, ಅವ್ವನ ಕತ್ತರಿ

ನಾನು ಐದನೇ ಇಯತ್ತೆ ಮುಗಿಸುವವರೆಗೂ ಆಯಿಯ ಟ್ರಂಕು ಪೂರ್ತಿ ಖಾಲಿಯಾದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಆಯಿ ಎಂದರೆ ಅಪ್ಪನ ತಾಯಿ. ಬೀದರ್ ಕಡೆಯವರಾದ ನಾವು ಅಜ್ಜಿಯನ್ನು ಕರೆಯುವುದೇ ಹಾಗೆ. ಮುಚ್ಚಳದ ಮೇಲೆ ಗುಲಾಬಿ ಹೂವು ಬರೆದ ಆ ನೀಲಿ ತಗಡಿನ ಟ್ರಂಕು ನಾಶಿಕ್ ಹತ್ತಿರದ ನಿಫಾಡಿನ ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ, ಅವಳ ಮಂಚದ ಕೆಳಗೆ ಇರುತ್ತಿತ್ತು. ಸೀರೆ ಬೇಕಾದಾಗ ಟ್ರಂಕು ಎಳೆದು ಒಂದನ್ನು ತೆಗೆಯುವಳು, ಒಗೆದು ಒಣಗಿದ್ದನ್ನು ಮಡಚಿ ಅದರಲ್ಲೇ ಇಟ್ಟು ಚಿಲಕ ಹಾಕುವಳು. ಗೋಡೆಯ ಕಪಾಟಿನಲ್ಲಿ ಅವ್ವ ಅವಳಿಗೆಂದೇ ಒಂದು ಹಲಗೆ ಬಿಟ್ಟಿದ್ದಳು. ಹಳೆಯ ಪೇಪರು ಹಾಸಿ, ಹುಳ ಹತ್ತದಂತೆ ಬೇವಿನೆಲೆ ಕೂಡ ಇಟ್ಟಿದ್ದಳು. ಆ ಹಲಗೆ ಬರಿದಾಗಿಯೇ ಉಳಿದಿತ್ತು. ನನ್ನ ಪುಸ್ತಕ ಜೋಡಿಸುತ್ತೇನೆ ಎಂದರೂ ಅವ್ವ ಬಿಡುತ್ತಿರಲಿಲ್ಲ.

"ಅದು ನಿಮ್ಮ ಆಯಿದು. ಇವತ್ತಿಲ್ಲಂದ್ರ ನಾಳಿ ಇಡ್ತಾರ."

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಆಯಿ ಮಂಚದ ಮೇಲಿಂದಲೇ ಉತ್ತರ ಕೊಡುತ್ತಿದ್ದಳು.

"ಹೊಲ ಇಲ್ಲದ ಊರಾಗ ಟ್ರಂಕ್ ಯಾತಕ್ಕ ಬಿಚ್ಚಬೇಕು?"

ಹೊಲ ಇಲ್ಲದ ಊರು ಎಂದರೆ ನಿಫಾಡಿನವರು ನಕ್ಕಾರು. ಮನೆಯ ಹಿತ್ತಿಲ ಬೇಲಿ ದಾಟಿದರೆ ಕಣ್ಣು ಹಾಯುವಷ್ಟೂ ದ್ರಾಕ್ಷಿ ತೋಟ. ಆದರೆ ಆಯಿಯ ಲೆಕ್ಕದಲ್ಲಿ ಹೊಲವೆಂದರೆ ಭಾಲ್ಕಿಯ ಹತ್ತಿರದ ನಮ್ಮೂರಿನ ಕರಿ ಮಣ್ಣು, ಅದರಲ್ಲಿ ಜೋಳ, ಕಡಲೆ, ಕುಸುಬೆ. ತಂತಿಯ ಮೇಲೆ ಹಬ್ಬಿಸಿ, ದಿನ ಬೆಳಗಾದರೆ ಔಷಧ ಹೊಡೆಯುವ ಬಳ್ಳಿಯನ್ನು ಅವಳು ಬೆಳೆ ಎಂದೇ ಒಪ್ಪಿರಲಿಲ್ಲ. ಅಪ್ಪನದು ಬ್ಯಾಂಕಿನ ನೌಕರಿ. ವರ್ಗವಾದಲ್ಲಿಗೆ ಗಂಟುಮೂಟೆ ಕಟ್ಟಬೇಕು. ಆಯಿ ಜೊತೆಗೆ ಬಂದಿದ್ದು ಅಪ್ಪ ಹಿರಿಯ ಮಗ ಎಂಬ ಒಂದೇ ಕಾರಣಕ್ಕೆ. ಊರಲ್ಲಿ ಹೊಲ ನೋಡಿಕೊಂಡಿದ್ದ ಅಪ್ಪನ ತಮ್ಮ, ನನ್ನ ಕಾಕಾ, ಎಷ್ಟು ಕರೆದರೂ, ಹಿರಿಯ ಮಗನ ಮನೆಯಲ್ಲಿ ಇರುವುದು ರೀತಿ ಎಂದು ಇದ್ದಳು. ಇರುವುದಕ್ಕೂ ಮನಸ್ಸಿಟ್ಟು ಇರುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಆ ಟ್ರಂಕು ದಿನಾ ಹೇಳುತ್ತಿತ್ತು.

ನಿಫಾಡಿಗೆ ಬರುವ ಮೊದಲು ನಾವು ಔರಂಗಾಬಾದಿನಲ್ಲಿದ್ದೆವು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಆ ಊರಿನ ಹಳೆಯ ಭಾಗದಲ್ಲಿ, ಒಬ್ಬ ಮುಸಲ್ಮಾನ ಮುದುಕಿಯ ಮನೆಯ ಅರ್ಧ ಭಾಗ ನಮ್ಮದು. ನಾವೆಲ್ಲ ಅವಳನ್ನು ಖಾಲಾ ಎನ್ನುತ್ತಿದ್ದೆವು. ಅವ್ವನಿಗೆ ಮರಾಠಿ ಬಾಯಿಗೆ ಕುಳಿತಿರಲಿಲ್ಲ, ಆದರೆ ಬೀದರಿನಲ್ಲಿ ಬೆಳೆದವಳಿಗೆ ಖಾಲಾಳ ದಖ್ಖನಿ ಮಾತು ಮನೆಯ ಮಾತಿನಷ್ಟೇ ಸಲೀಸು. ಖಾಲಾಳ ಅಂಗಳದಲ್ಲಿ ಎರಡು ಆಡು, ಒಂದು ಸಾಲು ಫಾಲ್ಸಾ ಗಿಡ. ಫಾಲ್ಸಾ ಕಂಡಿರದವರಿಗೆ ಹೇಳುತ್ತೇನೆ: ಬುಡದಿಂದಲೇ ಹತ್ತಾರು ಕೋಲುಗಳಾಗಿ ಏಳುವ ಪೊದೆ ಅದು, ಅಗಲ ಎಲೆ, ಬೇಸಿಗೆಯಲ್ಲಿ ಬಟಾಣಿ ಗಾತ್ರದ ಹಣ್ಣು. ಹಸಿರು ಕೆಂಪಾಗಿ, ಕೆಂಪು ಕಪ್ಪು ನೇರಳೆಯಾಗಿ, ಬಾಯಿಗೆ ಹಾಕಿದರೆ ಹುಳಿಯೋ ಸಿಹಿಯೋ ಎಂದು ತೀರ್ಮಾನಿಸುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಆಯಿಯ ತವರಿನ ಬಾವಿಯ ಬದಿಗೂ ಒಂದು ಗಿಡವಿತ್ತಂತೆ. ಮಹಾರಾಷ್ಟ್ರದ ನೀರು, ಬೇಳೆ, ಬೆಲ್ಲ ಎಲ್ಲಕ್ಕೂ ಕೊಂಕು ತೆಗೆಯುತ್ತಿದ್ದ ಆಯಿ, ಖಾಲಾ ಮಾಡಿಕೊಡುವ ಫಾಲ್ಸಾ ಶರಬತ್ತಿಗೆ ಮಾತ್ರ ಒಂದೂ ಮಾತು ಆಡದೆ ಲೋಟ ಮುಂದೆ ಹಿಡಿಯುತ್ತಿದ್ದಳು. ಇದನ್ನು ನೋಡಿದ್ದ ಅವ್ವ, ಅಪ್ಪನಿಗೆ ನಿಫಾಡಿಗೆ ವರ್ಗವಾದಾಗ, ಖಾಲಾಳಿಂದ ಆರು ಸಸಿ ಕೇಳಿಕೊಂಡು ಡಾಲ್ಡಾ ಡಬ್ಬಿಗಳಲ್ಲಿ ನೆಟ್ಟು, ಲಾರಿಯಲ್ಲಿ ಮನೆ ಸಾಮಾನಿನ ಮೇಲೆ ಇಡಿಸಿದಳು. ಯಾರಿಗೋಸ್ಕರ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹಿತ್ತಿಲ ಬೇಲಿಗುಂಟ ಮೊದಲ ಮಳೆಯಲ್ಲಿ ಆರನ್ನೂ ನೆಟ್ಟಳು.

ಅತ್ತೆ ಸೊಸೆ ಜಗಳವಾಡದ ದಿನ ನಮ್ಮ ಮನೆಯಲ್ಲಿ ಅಡಿಗೆ ರುಚಿಸುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಆಯಿ ನಡುಕೋಣೆಯಿಂದ ಹಿಟ್ಟು ಗಟ್ಟಿಯಾಯಿತೋ ಸಡಿಲಾಯಿತೋ ಹೇಳುವಳು. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಎಷ್ಟು ಹಾಕಬೇಕು ಎಂಬುದರ ಮೇಲೆ ಎರಡು ದಿನ ಮಾತು ಬಿಟ್ಟದ್ದುಂಟು. ಅಪ್ಪ ಇಂಥ ಹೊತ್ತಿನಲ್ಲಿ ಪಡಸಾಲೆಯಲ್ಲಿ ಕುಳಿತು, ಓದಿ ಮುಗಿಸಿದ ಪೇಪರನ್ನೇ ಮತ್ತೆ ಮೊದಲಿನಿಂದ ಓದುತ್ತಿದ್ದ. ಅವ್ವ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ರೊಟ್ಟಿ ಬಡಿಯುವುದರಿಂದ ಹಿಡಿದು ಲಿಂಗಪೂಜೆಗೆ ತಟ್ಟೆ ಜೋಡಿಸುವವರೆಗೆ ಎಲ್ಲವನ್ನೂ ಅವಳಿಗೆ ಕಲಿಸಿದವಳು ಆಯಿಯೇ. ಒಂದು ದಿನ ನಾನು, ಆಯಿ ಊರಿಗೆ ಹೋದರೆ ನಿನಗೆ ಆರಾಮ ಅಲ್ಲವೇ ಎಂದು ಕೇಳಿಬಿಟ್ಟೆ. ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಅವರು ಬೈದ್ರೇನೇ ನನಗ ಇದು ಮನಿ ಅನಸ್ತದ. ಅವರು ಹೋದ್ರ ಇದು ಬರೇ ಬಾಡಿಗಿ ಖೋಲಿ."

ನಿಫಾಡಿನ ಚಳಿ ಗೊತ್ತಿದ್ದವರಿಗೇ ಗೊತ್ತು. ಮಾರ್ಗಶಿರ ಕಳೆಯುವ ಹೊತ್ತಿಗೆ ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಒಲೆಯ ಬದಿಗೆ ಇಡಬೇಕಾಗುತ್ತಿತ್ತು. ಹಣ್ಣು ಹಿಡಿದ ದ್ರಾಕ್ಷಿ ಬಳ್ಳಿ ಸುಟ್ಟು ಹೋಗದಿರಲೆಂದು ತೋಟದವರು ನಸುಕಿನಲ್ಲಿ ಸಾಲಿನ ನಡುವೆ ಕಸ ಕಡ್ಡಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುವರು. ಮೊದಲ ವರ್ಷ ಇದನ್ನು ನೋಡಿದ ಆಯಿ, ನಮ್ಮ ಆರು ಗಿಡಗಳ ಎಲೆ ಹಳದಿಯಾಗತೊಡಗಿದ್ದನ್ನೂ ನೋಡಿ, ತಾನೇ ಟ್ರಂಕು ತೆರೆದಳು. ಅದರ ತಳದಲ್ಲಿ ಅವಳು ತನ್ನ ಕೈಯಾರೆ ಹೊಲಿದ ಹಳೆಯ ಸೀರೆಗಳ ಕೌದಿಗಳಿದ್ದವು. ಸಂಜೆಯಾದರೆ ಗಿಡಕ್ಕೊಂದರಂತೆ ಕೌದಿ ಹೊದಿಸಿ ಸುತ್ತ ಸುತಳಿ ಕಟ್ಟುವಳು, ಬಿಸಿಲು ಬಂದ ಮೇಲೆ ಬಿಚ್ಚುವಳು. ಉಗುರು ಬೆಚ್ಚಗಿನ ನೀರನ್ನೇ ಬುಡಕ್ಕೆ ಹಾಕಬೇಕು ಎಂದು ನನಗೆ ಅಪ್ಪಣೆ. ಅವ್ವನೂ ಬೇಡ ಎನ್ನಲಿಲ್ಲ; ಆಯಿ ಈ ಊರಿನ ಯಾವುದಕ್ಕಾದರೂ ಕೈ ಹಚ್ಚಿದಳಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ. ನೆರೆಯವರು ಬೇಲಿಯ ಆಚೆ ನಿಂತು, ಕನ್ನಡದವರ ಗಿಡಗಳಿಗೆ ಲಗ್ನವೇನೋ ಎಂದು ನಗುತ್ತಿದ್ದರು.

ಎರಡು ಚಳಿಗಾಲ ಹೀಗೆ ಕಳೆಯಿತು. ಗಿಡಗಳು ಎಲೆ ಉದುರಿಸದೆ ನಮ್ಮ ತಲೆ ಮೀರಿ ಬೆಳೆದವು, ಬೇಲಿಯ ಆಚೆಗೂ ಬಾಗಿದವು. ಆದರೆ ಎರಡನೆಯ ಬೇಸಿಗೆಯಲ್ಲಿ ತುದಿಗಳಲ್ಲಿ, ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ, ನಾಲ್ಕಾರು ಸಣ್ಣ ಹಣ್ಣು ಬಿಟ್ಟದ್ದಷ್ಟೇ. ಅವನ್ನೂ ಗಿಣಿಗಳು ತಿಂದವು. ಆಯಿ ಒಂದು ಮಧ್ಯಾಹ್ನ ಗಿಡದ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಒಳಗೆ ಬಂದು, ಅಪ್ಪ ಊಟಕ್ಕೆ ಕುಳಿತಾಗ ಹೇಳಿದಳು.

"ಈ ಮಣ್ಣು ನಮ್ಮನ್ನ ಒಲ್ಲೆ ಅಂತದ. ನಾ ಎಷ್ಟು ಜತನ ಮಾಡಿದ್ರೂ ಒಂದು ಹಣ್ಣು ಕೊಡಲಿಲ್ಲ. ಎರಡು ವರ್ಷ ಆಯ್ತು, ಮೊಣಕಾಲಿನ ಸಲುವಾಗಿ ಎಳ್ಳ ಅಮಾಸಿಗೂ ಊರಿಗೆ ಹೋಗಿಲ್ಲ. ಬರೋ ಬ್ಯಾಸಗ್ಯಾಗ ರಾಶಿ ಮುಗದ ಮ್ಯಾಲ ನಿನ್ನ ತಮ್ಮಗ ಬಾ ಅಂತ ಹೇಳು. ನಾ ಅವನ ಸಂಗಟ ಹೋಗ್ತೀನಿ. ಮತ್ತ ಬರಂಗಿಲ್ಲ."

ನಾನು ಆಯಿಯ ಮಗ್ಗುಲಲ್ಲೇ ಮಲಗುತ್ತಿದ್ದವಳು, ಅವಳ ವಿಭೂತಿಯ ವಾಸನೆ ಇಲ್ಲದೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅಳುತ್ತ ಕುಳಿತೆ. ಅವ್ವ ಅಳಲಿಲ್ಲ, ವಾದಿಸಲೂ ಇಲ್ಲ. ಅವಳಿಗೆ ಸಿಟ್ಟು ಬಂದಾಗ ದವಡೆಯ ಹತ್ತಿರ ಒಂದು ಗಂಟು ಏಳುತ್ತಿತ್ತು, ಅದು ಎದ್ದಿತ್ತು. ಮುಂದಿನ ಬೇಸಿಗೆಗೆ ಒಂದು ವರ್ಷವಿತ್ತು, ಅಷ್ಟರಲ್ಲಿ ಈ ಗಿಡಗಳು ಹಣ್ಣು ಬಿಡಲೇಬೇಕು ಎಂದು ಅವಳು ಆ ಊಟದ ಹೊತ್ತಿನಲ್ಲೇ ನಿಶ್ಚಯಿಸಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು.

ಡಿಸೆಂಬರಿನಲ್ಲಿ, ಆ ವರ್ಷ ತಡವಾಗಿ ಬಂದ, ಹೊಲ ಪೂಜಿಸುವ ಹಬ್ಬವಾದ ಎಳ್ಳ ಅಮಾವಾಸ್ಯೆಗೆ ಇನ್ನೂ ಹತ್ತು ದಿನಗಳಿರುವಾಗ, ಗಿಡದ ವಿಷಯ ಖಾಲಾಳನ್ನೇ ಕೇಳೋಣ ಎಂದು ಅವ್ವ ನನ್ನನ್ನು ಶಾಲೆ ತಪ್ಪಿಸಿ ತನ್ನ ಜೊತೆ ಎಸ್‌ಟಿ ಬಸ್ಸು ಹತ್ತಿಸಿದಳು. ಯೇವಲಾ, ವೈಜಾಪುರ ದಾಟಿ ಔರಂಗಾಬಾದಿನ ಖಾಲಾಳ ಅಂಗಳಕ್ಕೆ ಕಾಲಿಟ್ಟರೆ ಫಾಲ್ಸಾ ಸಾಲೇ ಇಲ್ಲ. ಇದ್ದವು ಬರಿಯ ಮೋಟುಗಳು, ಸೊಂಟದೆತ್ತರದ ಬತ್ತಲೆ ಕೋಲುಗಳು. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, ಆಡು ತಿಂದುಬಿಟ್ಟವೇ ಎಂದು ಕೇಳಿದಳು. ಖಾಲಾ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ತಿಂದದ್ದು ಆಡಲ್ಲ, ತಾನೇ ಕಡಿದದ್ದು, ಪ್ರತಿ ವರ್ಷ ಚಳಿಯಲ್ಲಿ ಎಲೆ ಉದುರಿದ ಮೇಲೆ ಕಡಿಯುತ್ತೇನೆ, ನಾಲ್ಕು ವರ್ಷ ಇದೇ ಮನೆಯಲ್ಲಿದ್ದೂ ನೀವು ನೋಡಲಿಲ್ಲವೇ ಎಂದಳು. ನಾವು ಹೇಗೆ ನೋಡಬೇಕು? ಆ ವರ್ಷಗಳಲ್ಲೆಲ್ಲ ಖಾಲಾ ಕತ್ತರಿ ಹಿಡಿಯುವ ದಿನಗಳಲ್ಲಿ ನಾವು ಸಂಸಾರ ಸಮೇತ ಎಳ್ಳ ಅಮಾವಾಸ್ಯೆಗೆ ಭಾಲ್ಕಿಗೆ ಹೋಗಿರುತ್ತಿದ್ದೆವು. ಮರಳಿ ಬಂದಾಗ ಗಿಡ ಮೋಟಾಗಿದ್ದು ಕಂಡರೆ ಆಯಿ ಆಡುಗಳಿಗೆ ಬೈಯುತ್ತಿದ್ದಳು, ನಾವೂ ಹೌದೆನ್ನುತ್ತಿದ್ದೆವು. ಕೌದಿ ಹೊದಿಸಿದ ಕಥೆ ಕೇಳಿದ ಖಾಲಾ ತಲೆಗೆ ಕೈ ಹಚ್ಚಿಕೊಂಡಳು.

"ಇತ್ತಾ ಲಾಡ್ ನಕ್ಕೋ ಕರೋ ಬೇಟಿ. ಸೋನೇ ದೇವ್ ಉಸ್ಕು. ಫಿರ್ ಕಮರ್ ತಕ್ ಕಾಟ್ ಡಾಲೋ."

ಅಷ್ಟು ಮುದ್ದು ಮಾಡಬೇಡ, ಅದನ್ನು ಮಲಗಲು ಬಿಡು, ಆಮೇಲೆ ಸೊಂಟದವರೆಗೆ ಕಡಿದುಬಿಡು ಎಂದು. ಹಳೆಯ ಕೋಲಿಗೆ ಹಣ್ಣು ಬಿಡುವುದಿಲ್ಲ, ಕಡಿದ ಮೇಲೆ ಬರುವ ಹೊಸ ಚಿಗುರಿಗೇ ಬಿಡುವುದು ಎಂದು ಒಂದು ಮೋಟನ್ನು ಹಿಡಿದು ತೋರಿಸಿದಳು. ದ್ರಾಕ್ಷಿಗೆ ಚಳಿ ವೈರಿ, ಫಾಲ್ಸಾಕ್ಕೆ ಅದೇ ಜೋಗುಳ. ನಾವು ಪಕ್ಕದ ತೋಟ ನೋಡಿ ನಮ್ಮ ಗಿಡ ಸಾಕಿದ್ದೆವು.

ನಿಫಾಡಿಗೆ ಮರಳಿದ ಮರುದಿನ ಅವ್ವ ಕೌದಿಗಳನ್ನು ಒಗೆದು ಮಡಚಿ ಆಯಿಯ ಮಂಚದ ಮೇಲಿಟ್ಟಳು. ಗಿಡಗಳು ಬಯಲ ಚಳಿಯಲ್ಲಿ ನಿಂತವು. ಒಂದು ವಾರದಲ್ಲಿ ಎಲೆಗಳೆಲ್ಲ ಉದುರಿ ಹಿತ್ತಿಲು ಹಳದಿಯಾಯಿತು. ಆಯಿ ಮಾತು ಬಿಟ್ಟಳು. ಅಮಾವಾಸ್ಯೆಯ ಹಿಂದಿನ ದಿನ ಅವ್ವ ಪಕ್ಕದ ತೋಟದವರಿಂದ ದ್ರಾಕ್ಷಿ ಬಳ್ಳಿ ಸವರುವ ಛಾಟಣಿ ಕತ್ತರಿ ಇಸಿದುಕೊಂಡು ಬಂದು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಯಿ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು.

"ನಾಳಿ ಭೂಮಿತಾಯಿಗಿ ಚರಗ ಚೆಲ್ಲೋ ದಿನ. ಬಸರಿ ಭೂಮಿ ಮುಂದ ಕತ್ತರಿ ಹಿಡದ್ ನಿಂತೀಯೇನು? ನಮ್ಮ ಕಡಿ ಯಾರರ ಹಿಂಗ ಮಾಡ್ತಾರಾ?"

"ನಮ್ಮ ಕಡಿ ಇಷ್ಟು ಥಂಡಿ ಇಲ್ರಿ ಅತ್ತೀ. ಇಲ್ಲಿ ಇದ್ದೀವಿ, ಇಲ್ಲಿನ ಥರ ಮಾಡಬೇಕು."

"ಮಾಡು. ಆ ಮೋಟಿಗಿ ಪೂಜಿ ನೀನೇ ಮಾಡ್ಕೋ. ನಾ ಹೊರಗ ಬರಂಗಿಲ್ಲ, ಭಜ್ಜಿ ಮುಟ್ಟಂಗಿಲ್ಲ."

"ಬೈರಿ, ಎಷ್ಟ್ ಬೇಕಾದ್ರೂ ಬೈರಿ. ಕಡಿಯೋದು ಬಿಡಂಗಿಲ್ಲ. ನೀವು ಹೋಗೋದು ನನಗ ಬ್ಯಾಡಾಗ್ಯಾದ."

ಅವ್ವ ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಯಿ ಪಕ್ಕಕ್ಕೆ ಸರಿದು, ಮಂಚಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವ್ವ ಕಡಿಯತೊಡಗಿದಳು. ಮೊದಲ ಕೋಲಿಗೆ ಕತ್ತರಿ ಹಚ್ಚಿ ಎರಡು ಸಲ ಹಿಂದೆ ತೆಗೆದಳು, ಎರಡನೆಯದನ್ನು ಒಂದೇ ಏಟಿಗೆ ಕತ್ತರಿಸಿದಳು. ಒಣಗಿದ್ದು, ಒಂದಕ್ಕೊಂದು ತಿಕ್ಕಾಡುವುದು, ತೀರ ಮುದಿಯಾದದ್ದು ಬುಡಕ್ಕೇ ಹೋಯಿತು. ಉಳಿದದ್ದು ಅವಳ ಸೊಂಟದ ಮಟ್ಟಕ್ಕೆ. ನಾನು ಕೋಲುಗಳನ್ನು ಎಳೆದು ರಾಶಿ ಹಾಕಿದೆ. ಸಂಜೆಗೆ ಹಿತ್ತಿಲು ಬೋಳಾಗಿತ್ತು, ಬೇಲಿಯಾಚೆಯ ತೋಟ ಮನೆಯೊಳಗಿಂದಲೇ ನೇರ ಕಾಣುತ್ತಿತ್ತು. ನನಗೂ ಹೆದರಿಕೆಯಾಯಿತು. ಈಗ ನಾಶಿಕ್‌ನ ನನ್ನ ಮನೆಯ ಹಿಂದಿನ ಫಾಲ್ಸಾಗಳನ್ನು ನಾನೇ ಕಡಿಯುತ್ತೇನೆ. ನೌಕರಿಯಲ್ಲಿ, ಸಂಸಾರದಲ್ಲಿ, ಸರಿಯೆಂದು ಗೊತ್ತಿದ್ದೂ ಕೈ ಹಿಂದೆಗೆಯುವ ಗಳಿಗೆಗಳು ನನಗೂ ಬಂದಿವೆ. ಆಗೆಲ್ಲ ಅವ್ವನ ಆ ಎರಡನೆಯ ಕೋಲು ನೆನಪಾಗುತ್ತದೆ.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಎಂದಿಗಿಂತ ಬೇಗ ಒಲೆ ಹಚ್ಚಿದಳು. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪಾಲಕ ಎಲ್ಲ ಕೂಡಿಸಿ ಹುಣಸೆ ಹಿಂಡಿ ಭಜ್ಜಿ ಕುದಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಡಕೆಯಲ್ಲಿ ಅಂಬಲಿ. ಊರಲ್ಲಾದರೆ ಹೊಲದಲ್ಲಿ ಜೋಳದ ದಂಟಿನಿಂದ ಸಣ್ಣ ಗುಡಿಸಲು, ಕೊಂಪೆ ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜಿಸುತ್ತಾರೆ. ನಿಫಾಡಿನಲ್ಲಿ ಜೋಳದ ದಂಟು ಎಲ್ಲಿಂದ ತರಬೇಕು? ಅವ್ವ ಹಿಂದಿನ ದಿನ ಕಡಿದ ಫಾಲ್ಸಾ ಕೋಲುಗಳನ್ನೇ ಎಳೆದು ತಂದು ಮೋಟುಗಳ ನಡುವೆ ಕೊಂಪೆ ನಿಲ್ಲಿಸತೊಡಗಿದಳು. ಕೋಲುಗಳು ಬಾಗುತ್ತಿದ್ದವು, ಕಟ್ಟು ಜಾರುತ್ತಿತ್ತು. ಒಮ್ಮೆ ಬಿತ್ತು, ಮತ್ತೆ ಎತ್ತಿದಳು. ಮತ್ತೊಮ್ಮೆ ಬಿತ್ತು. ಅಪ್ಪ ಸಹಾಯಕ್ಕೆ ಬಂದು ಸುತಳಿ ಗಂಟು ಹಾಕಿಕೊಂಡು ತಾನೇ ಅದರಲ್ಲಿ ಸಿಕ್ಕಿಬಿದ್ದ. ಮೂರನೆಯ ಸಲ ಕೊಂಪೆ ಹೇಗೋ ಓರೆಯಾಗಿ ನಿಂತಿತು. ಆಗ ಕಿಟಕಿಯಿಂದ ಧ್ವನಿ ಬಂತು.

"ಕೊಂಪಿ ಬಾಗಿಲು ಬಡಗಣಕ್ಕ ಯಾರು ಮಾಡ್ತಾರ?"

ಅವ್ವ ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಕೋಲನ್ನು ಹಾಗೇ ಹಿಡಿದು ನಿಂತಳು.

"ನಮ್ಮ ಮನ್ಯಾಗ ಮೂಡಣಕ್ಕ ಇರ್ತದ. ಪಾಂಡವರು ಹೊತ್ತು ಮೂಡೋದು ನೋಡಬೇಕು. ಇಷ್ಟು ವರ್ಷ ಕಲಿಸಿದ್ದು ಎಲ್ಲಾ ನೀರಾಗ ಹೋಯ್ತು."

ಮೊಣಕಾಲು ಹಿಡಿದುಕೊಂಡು ಆಯಿ ಹಿತ್ತಿಲಿಗೆ ಇಳಿದಳು. ಕೊಂಪೆಯನ್ನು ಪೂರ್ತಿ ಬಿಚ್ಚಿಸಿ, ಕುಕ್ಕರುಗಾಲಲ್ಲಿ ಕೂರಲಾಗದೆ ಸ್ಟೂಲಿನ ಮೇಲೆ ಕುಳಿತು, ಕೋಲಿಗೆ ಕೋಲು ಹೆಣೆದು ತಾನೇ ಕಟ್ಟಿದಳು. ಜೋಳದ ದಂಟಿಗಿಂತ ಇದು ಚೆನ್ನಾಗಿ ಬಾಗುತ್ತದೆ ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡಳು. ಪೂಜೆಯಾಯಿತು, ಅಪ್ಪ ಹಬ್ಬದ ಕೂಗು ಹಾಕಿ, ಅಡಿಗೆಯನ್ನೆಲ್ಲ ಕಲಸಿದ ಚರಗವನ್ನು ಆರು ಮೋಟಿನ ಸುತ್ತ ಚೆಲ್ಲಿದ. ಕೊನೆಗೆ ಆಯಿ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಪ್ರತಿ ಕೋಲಿನ ಕಡಿದ ತುದಿಗೂ, ನಮ್ಮ ಹಣೆಗೆ ಹಚ್ಚುವಂತೆ, ಬೆರಳಿನಿಂದ ಹಚ್ಚಿದಳು. ಭಜ್ಜಿಯನ್ನೂ ಉಂಡಳು. ಹುಣಸೆ ಹೆಚ್ಚಾಗಿದೆ ಎಂದಳು. ಅವ್ವನ ಮುಖ ಅರಳಿದ್ದನ್ನು ಕಂಡು ಅದನ್ನೂ ಅಲ್ಲೇ ಚಿವುಟಿದಳು.

"ಹಬ್ಬ ಅಂತ ಉಂಡೀನಿ. ಸಣ್ಣ ಮಗ ಬಂದ ಮ್ಯಾಲ ನಾ ಹೋಗಾಕೀನೇ."

ಮೋಟುಗಳು ಹತ್ತಿರ ಹತ್ತಿರ ಎರಡು ತಿಂಗಳು ಸುಮ್ಮನೆ ನಿಂತವು. ಅವ್ವ ನೀರು ಹಾಕಬೇಡಿ ಎಂದಿದ್ದಳು. ಆಯಿ ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ, ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು, ಒಳಗೆ ಹಸಿರಿದೆಯೇ ನೋಡಿ ಬರುವಳು. ಶಿವರಾತ್ರಿಯ ಉಪವಾಸದ ದಿನ ಆಯಿ ಹಿತ್ತಿಲಿಂದ ನನ್ನನ್ನು ಕರೆದಳು. ವಿಭೂತಿ ಹಚ್ಚಿದ್ದ ಒಂದು ಕೋಲಿನ ಬದಿಯಲ್ಲಿ, ಅಕ್ಕಿ ಕಾಳಿನಷ್ಟು ಚಿಗುರು. ಅಂದಿನಿಂದ ನೀರು ಹಾಕುವ ಕೆಲಸ ಅವಳದೇ ಆಯಿತು, ಬೇರೆ ಯಾರೂ ತಂಬಿಗೆ ಮುಟ್ಟುವ ಹಾಗಿರಲಿಲ್ಲ. ಚಿಗುರು ಕೋಲಾಯಿತು, ಗಂಟುಗಂಟಿಗೆ ಹಳದಿ ಹೂವಾಯಿತು, ಹಸಿರು ಕಾಯಿಯ ಗೊಂಚಲಾಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಆರೂ ಗಿಡಗಳು ನೇರಳೆ ಬಣ್ಣಕ್ಕೆ ತಿರುಗಿದವು. ಒಮ್ಮೆಗೇ ಹಣ್ಣಾಗುವ ಜಾತಿಯಲ್ಲ ಅದು, ದಿನಾ ಆರಿಸಬೇಕು. ಆಯಿ ಬೆಳಿಗ್ಗೆ ಬುಟ್ಟಿ ಹಿಡಿದು ಇಳಿದರೆ ಬಿಸಿಲೇರಿದ ಮೇಲೆಯೇ ಒಳಗೆ ಬರುವುದು. ನಾಲಿಗೆ ನೇರಳೆಯಾಗಿರುತ್ತಿತ್ತು, ತಿಂದಿಲ್ಲ ಎಂದು ಹೇಳುತ್ತಿದ್ದಳು.

ಕಾಕಾ ಬಂದದ್ದು ಅಂಥ ಒಂದು ದಿನ. ಹೊಲದ ರಾಶಿ ಮುಗಿಸಿ, ಅಣ್ಣನಿಗೆಂದು ಒಂದು ಚೀಲ ಜೋಳ ಹೊತ್ತುಕೊಂಡು ಬಂದಿದ್ದ. ಅವ್ವ ಮಡಕೆಯ ತಣ್ಣೀರಲ್ಲಿ ಫಾಲ್ಸಾ ಕಿವುಚಿ, ಸೋಸಿ, ಕರಿ ಉಪ್ಪು ಹಾಕಿ ಶರಬತ್ತು ಕೊಟ್ಟಳು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಆಯಿಯ ಸೆರಗು ಹಿಡಿದು ಕುಳಿತಿದ್ದೆ. ಕಾಕಾ ಲೋಟ ಕೆಳಗಿಟ್ಟು, ಮಂಚದ ಕೆಳಗಿಂದ ಟ್ರಂಕು ಎಳೆದ.

"ಅವ್ವಾ, ನಾಳಿ ಮುಂಜಾನಿ ಬಸ್ಸಿಗಿ ಹೊಂಡೋಣು. ಎಲ್ಲಾ ಇದರಾಗೇ ಅದಲ್ಲ?"

"ಬಿಚ್ಚು ಅದನ್ನ," ಎಂದಳು ಆಯಿ.

ಕಾಕಾ ಬಿಚ್ಚಿದ. ಆಯಿ ಬಾಗಿ, ಸೀರೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹಾಕಿದಳು. ಕೌದಿಗಳನ್ನು ತೆಗೆದಳು. ತಳದಲ್ಲಿದ್ದ ಹಳೆಯ ಕುಂಕುಮದ ಭರಣಿ, ಅಜ್ಜನ ಚಸ್ಮಾ, ಎಲ್ಲವನ್ನೂ ತೆಗೆದಳು. ಟ್ರಂಕನ್ನು ಬೋರಲು ಹಾಕಿ ಬಡಿದಳು. ಬೇರೆ ಊರಿನ ಧೂಳು ನೆಲದ ಮೇಲೆ ಉದುರಿತು.

"ಇದನ್ನ ನೀ ತಗೊಂಡ್ ಹೋಗು. ಕಡ್ಲಿ ತುಂಬಿಡಲಿಕ್ಕ ಬರ್ತದ. ಈ ಗಿಡ ದಿನಾ ಆರಿಸಬೇಕು, ನಾ ಬಂದ್ರ ಯಾರು ಆರಿಸ್ತಾರ? ಈಕಿಗಿ ಕಡಿಯೋದಷ್ಟೇ ಬರ್ತದ."

ಅಪ್ಪ ಪೇಪರು ತಿರುವಿದ. ಅವ್ವ ಎದ್ದು ಕಪಾಟಿನ ಹತ್ತಿರ ಹೋದಳು. ಒಣಗಿ ಪುಡಿಯಾಗಿದ್ದ ಬೇವಿನೆಲೆಯನ್ನು ಒರೆಸಿ ತೆಗೆದು, ಹಿತ್ತಿಲ ಬೇವಿನಿಂದ ಹಸಿಯದನ್ನು ತಂದಿಟ್ಟಳು. ಸೀರೆಗಳನ್ನು ಒಂದೊಂದಾಗಿ ಜೋಡಿಸುವಾಗ ಅವಳ ಬೆನ್ನು ನಮ್ಮ ಕಡೆಗಿತ್ತು, ಭುಜಗಳು ಅಲುಗುತ್ತಿದ್ದವು. ಅಷ್ಟು ಗಟ್ಟಿಗಿತ್ತಿಯಾದ ಅವ್ವ ಅಳುವುದನ್ನು ನಾನು ಅಂದು ನೋಡಿದೆ. ಆಯಿಯೂ ನೋಡಿದಳು. ಎದ್ದು, ಬುಟ್ಟಿ ಎತ್ತಿಕೊಂಡು ಹಿತ್ತಿಲ ಬಾಗಿಲವರೆಗೆ ಹೋಗಿ, ಹೊಸ್ತಿಲ ಮೇಲೆ ನಿಂತು ತಿರುಗಿದಳು.

"ಬರೋ ಸಲ ಇನ್ನಾ ತಳಕ್ಕ ಕಡಿ. ಮ್ಯಾಲಿನ ಹಣ್ಣು ನನಗ ಎಟುಕಂಗಿಲ್ಲ."